ಕೈಸರನಿಗೆ ಕೊಟ್ಟದ್ದು, ಕೊಡದೆ ಉಳಿಸಿಕೊಂಡದ್ದು: ಆದಿ ಕ್ರೈಸ್ತರ ದಾಖಲೆಗಳನ್ನು ಓದುವ ಬಗೆ

ರೋಮ್ ಸಾಮ್ರಾಜ್ಯಕ್ಕೂ ಮೊದಲ ನಾಲ್ಕು ಶತಮಾನಗಳ ಕ್ರೈಸ್ತರಿಗೂ ಇದ್ದ ಸಂಬಂಧವನ್ನು ತಿಳಿಯಲು ಹೊರಟವರಿಗೆ ಮೊದಲು ಎದುರಾಗುವುದು ಎರಡು ಚಿತ್ರ: ಸಿಂಹದ ಬಾಯಿಗೆ ಬೀಳುವ ಭಕ್ತರು, ಆಮೇಲೆ ಶಿಲುಬೆ ಹಿಡಿದ ಚಕ್ರವರ್ತಿ. ಕ್ರೈಸ್ತರಿಗೆ ಆರಾಧನೆಯ ಸ್ವಾತಂತ್ರ್ಯ ಸಿಕ್ಕ 313ರವರೆಗೆ ಬರೀ ಹಿಂಸೆ, ಅಲ್ಲಿಂದಾಚೆಗೆ ಬರೀ ಅಧಿಕಾರ ಎಂಬ ಈ ಲೆಕ್ಕ ಮೂಲ ದಾಖಲೆಗಳನ್ನು ಬಿಚ್ಚಿದ ಕೂಡಲೇ ಸಡಿಲವಾಗುತ್ತದೆ. ತೆರಿಗೆಯನ್ನು ತಪ್ಪದೆ ಕಟ್ಟುತ್ತಿದ್ದವರು ಒಂದು ಚಿಟಿಕೆ ಧೂಪ ಹಾಕಲು ಒಪ್ಪದೆ ಸತ್ತಿದ್ದಾರೆ. ಚಕ್ರವರ್ತಿಗಾಗಿ ದಿನವೂ ಪ್ರಾರ್ಥಿಸುತ್ತಿದ್ದವರು ಅವನ ಹೆಸರಿನಲ್ಲಿ ಆಣೆ ಇಡಲಿಲ್ಲ. ಮೊದಲ ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನ್ ಹುಟ್ಟುವ ಹೊತ್ತಿಗೇ ಕ್ರೈಸ್ತರು ಕ್ರೈಸ್ತನಲ್ಲದ ಚಕ್ರವರ್ತಿಯ ಬಳಿ ನ್ಯಾಯ ಕೇಳಿಕೊಂಡು ಹೋಗಿದ್ದರು.

ಹಾಗಾಗಿ ಈ ವಿಷಯವನ್ನು ಓದಲು "ಪರವೋ ವಿರೋಧವೋ" ಎಂಬ ಪ್ರಶ್ನೆ ಸಾಲದು. ಒಂದೊಂದು ದಾಖಲೆಯಲ್ಲೂ ಅಧಿಕಾರ ಏನನ್ನು ಕೇಳಿತು, ಎದುರಿಗಿದ್ದವರು ಯಾವುದನ್ನು ಕೊಟ್ಟರು, ಯಾವುದನ್ನು ಉಳಿಸಿಕೊಂಡರು ಎಂದು ಬಿಡಿಬಿಡಿಯಾಗಿ ನೋಡಬೇಕು. ನಂಬಿಕೆಯ ಗಡಿ ಕಾಣುವುದು ಅಲ್ಲಿಯೇ.

ಹಾಳೆ ಸಿದ್ಧ ಮಾಡಿಕೊಳ್ಳಿ

ಒಂದು ಉದ್ದನೆಯ ನೋಟ್‌ಬುಕ್ಕಿನ ಎರಡು ಪುಟಗಳನ್ನು ಅಡ್ಡಲಾಗಿ ಹರಡಿಕೊಂಡು ಆರು ಕಂಬಸಾಲು ಎಳೆಯಿರಿ. ಮೊದಲನೆಯದರಲ್ಲಿ ಘಟನೆ ನಡೆದ ವರ್ಷ. ಎರಡನೆಯದರಲ್ಲಿ ಅದನ್ನು ಬರೆದ ವರ್ಷ. ಮೂರನೆಯದರಲ್ಲಿ ಯಾರು ಯಾರಿಗೆ ಬರೆದದ್ದು. ಉಳಿದ ಮೂರು: ಕೇಳಿದ್ದು, ಕೊಟ್ಟದ್ದು, ಉಳಿಸಿಕೊಂಡದ್ದು. "ಕೇಳಿದ್ದು" ಎಂಬಲ್ಲಿ "ನಿಷ್ಠೆ", "ಭಕ್ತಿ" ಎಂಬಂಥ ದೊಡ್ಡ ಪದಗಳನ್ನು ಬರೆಯಬೇಡಿ. ಕೈಯಿಂದ ಮಾಡಬೇಕಾದ್ದು, ಬಾಯಿಂದ ಹೇಳಬೇಕಾದ್ದು, ಒಪ್ಪಿಸಬೇಕಾದ ವಸ್ತು ಇಷ್ಟನ್ನೇ ಬರೆಯಿರಿ: ನಾಣ್ಯ, ಧೂಪ, ಆಣೆ, ಪುಸ್ತಕ, ಸಹಿ.

ಮೊದಲ ಎರಡು ಕಂಬಸಾಲುಗಳನ್ನು ಬಿಡುವಂತಿಲ್ಲ. ಹೆಚ್ಚಿನ ಎಡವಟ್ಟುಗಳಾಗುವುದು ಅವನ್ನು ಒಂದೇ ಎಂದುಕೊಂಡಾಗ. ರೋಮಿಗೆ ಬೆಂಕಿ ಬಿದ್ದದ್ದು 64ರಲ್ಲಿ. ಆ ನೆಪದಲ್ಲಿ ಚಕ್ರವರ್ತಿ ನೀರೋ ಕ್ರೈಸ್ತರನ್ನು ಕೊಲ್ಲಿಸಿದ್ದನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದದ್ದು ಅರ್ಧ ಶತಮಾನ ಕಳೆದ ಮೇಲೆ. ಇನ್ನೂ ಒಳ್ಳೆಯ ಪಾಠ 312ರ ಅಕ್ಟೋಬರ್ 28ರ ಮಿಲ್ವಿಯನ್ ಸೇತುವೆಯ ಕದನದಲ್ಲಿದೆ, ಕಾನ್‌ಸ್ಟಂಟೈನ್ ಎದುರಾಳಿಯನ್ನು ಸೋಲಿಸಿ ರೋಮನ್ನು ಗೆದ್ದ ಯುದ್ಧ ಅದು. ಕೆಲವೇ ವರ್ಷಗಳಲ್ಲಿ ಬರೆದ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್, ಕಾನ್‌ಸ್ಟಂಟೈನ್‌ಗೆ ಕನಸಾಯಿತು, ಗುರಾಣಿಗಳ ಮೇಲೆ ಗುರುತು ಬರೆಸಿದ ಎನ್ನುತ್ತಾನೆ. ಬಿಷಪ್ ಯುಸೀಬಿಯಸ್ ತನ್ನ ಸಭಾ (ಚರ್ಚಿನ) ಇತಿಹಾಸದಲ್ಲಿ ಅದೇ ಯುದ್ಧವನ್ನು ವಿವರಿಸುವಾಗ ಯಾವ ದರ್ಶನದ ಮಾತನ್ನೂ ಆಡುವುದಿಲ್ಲ. ಮಧ್ಯಾಹ್ನದ ಮೇಲೆ ಆಕಾಶದಲ್ಲಿ ಬೆಳಕಿನ ಶಿಲುಬೆ ಕಂಡ ಕಥೆ ಬರುವುದು ಅದೇ ಯುಸೀಬಿಯಸ್ 337ರಲ್ಲಿ ಚಕ್ರವರ್ತಿ ಸತ್ತ ಮೇಲೆ ಬರೆದ ಅವನ ಜೀವನಚರಿತ್ರೆಯಲ್ಲಿ. ಇದರಿಂದ ಯಾರೋ ಸುಳ್ಳು ಹೇಳಿದರು ಎಂದು ತೀರ್ಪು ಕೊಡಬೇಕಾಗಿಲ್ಲ. ಮೂರು ಬರಹಗಳಿಗೆ ಮೂರು ಅಡ್ಡಸಾಲು ಕೊಡಿ, ಬೆರೆಸಿ ಒಂದೇ ಕಥೆ ಮಾಡಬೇಡಿ.

ಪದಗಳ ತೂಕ

ಹೊಸ ಒಡಂಬಡಿಕೆಯನ್ನು ಕನ್ನಡದಲ್ಲಿ ಓದುವವರಿಗೆ ಒಂದು ತೊಡಕಿದೆ. "ಸುವಾರ್ತೆ", "ಕರ್ತನು" ಎಂಬ ಪದಗಳು ನಮ್ಮಲ್ಲಿ ಚರ್ಚಿನ ಪದಗಳಾಗಿಯೇ ಬೆಳೆದಿವೆ. ಗ್ರೀಕ್ ಮಾತಾಡುತ್ತಿದ್ದ ಊರುಗಳಲ್ಲಿ ಅವು ಹಾಗಿರಲಿಲ್ಲ. ಕ್ರಿ.ಪೂ. 9ರ ಸುಮಾರಿಗೆ ಏಷ್ಯಾ ಪ್ರಾಂತ್ಯದವರು (ಈಗಿನ ಟರ್ಕಿಯ ಪಶ್ಚಿಮ ಭಾಗ) ಮೊದಲ ರೋಮ್ ಚಕ್ರವರ್ತಿ ಅಗಸ್ಟಸ್‌ನ ಹುಟ್ಟುಹಬ್ಬವಾದ ಸೆಪ್ಟೆಂಬರ್ 23ರಿಂದಲೇ ತಮ್ಮ ವರ್ಷ ಶುರುವಾಗಬೇಕೆಂದು ಗೊತ್ತುಮಾಡಿ ಕಲ್ಲಿನಲ್ಲಿ ಕೊರೆಸಿದರು. ಪ್ರಿಯೆನೆ ಎಂಬ ಊರಿನಲ್ಲಿ ಸಿಕ್ಕ ಆ ಶಾಸನ ಅಗಸ್ಟಸ್‌ನನ್ನು ರಕ್ಷಕನೆನ್ನುತ್ತದೆ; ಅವನ ಜನ್ಮದಿನವೇ ಲೋಕಕ್ಕೆ ಅವನಿಂದ ಬಂದ ಶುಭವಾರ್ತೆಗಳ ಆರಂಭ ಎನ್ನುತ್ತದೆ. ಅಲ್ಲಿರುವ ಪದ "ಎವಾಂಗೆಲಿಯ", ಬಹುವಚನದಲ್ಲಿ. ಮಾರ್ಕನ ಮೊದಲ ವಾಕ್ಯದಲ್ಲಿ ಅದೇ ಪದ ಏಕವಚನದಲ್ಲಿದೆ. "ಕ್ಯೂರಿಯೊಸ್" ಎಂದರೆ ಒಡೆಯ. ಗುಲಾಮನು ಯಜಮಾನನನ್ನೂ ಪ್ರಜೆಯು ಚಕ್ರವರ್ತಿಯನ್ನೂ ಹಾಗೆ ಕರೆಯುತ್ತಿದ್ದರು. ಒಂದು ಪದದಲ್ಲಿ ಮಾತ್ರ ಕನ್ನಡ ಅನುವಾದ ಹಳೆಯ ರುಚಿಯನ್ನು ಉಳಿಸಿಕೊಂಡಿದೆ: "ಎಕ್ಲೇಸಿಯ" ಎಂಬುದು ಊರಿನ ನಾಗರಿಕರು ಸೇರುವ ಸಭೆ, ಕನ್ನಡದಲ್ಲೂ "ಸಭೆ"ಯೇ.

ಆದರೆ ಇಲ್ಲಿ ಅತಿಯಾದ ಉತ್ಸಾಹ ಕೆಲಸ ಕೆಡಿಸುತ್ತದೆ. "ಯೇಸುವೇ ಕರ್ತನು" ಎಂದ ಕಡೆಯಲ್ಲೆಲ್ಲ "ಕೈಸರನಲ್ಲ" ಎಂದು ಸೇರಿಸಿಕೊಂಡು ಓದುವವರಿದ್ದಾರೆ. ಯೆಹೂದ್ಯರ ಶಾಸ್ತ್ರದ ಗ್ರೀಕ್ ಅನುವಾದದಲ್ಲಿ ದೇವರ ಹೆಸರಿನ ಜಾಗದಲ್ಲಿ ಬರುವುದೂ ಕ್ಯೂರಿಯೊಸ್ ಪದವೇ, ಪೌಲನ ಕಿವಿಯಲ್ಲಿ ಮೊದಲು ಮೊಳಗುತ್ತಿದ್ದದ್ದು ಆ ಶಾಸ್ತ್ರ. ಪದ ಒಂದೇ ಎಂಬುದು ಸುಳಿವು ಮಾತ್ರ. ಸುತ್ತಲಿನ ವಾಕ್ಯದಲ್ಲಿ ತೆರಿಗೆ, ಸಿಂಹಾಸನ, ಕತ್ತಿ, ನಾಣ್ಯ, ಪ್ರತಿಮೆ ಇವುಗಳಲ್ಲಿ ಒಂದಾದರೂ ಇದ್ದರೆ ಆ ಸುಳಿವನ್ನು ಹಾಳೆಗೆ ಏರಿಸಿ. ಇಲ್ಲದಿದ್ದರೆ ಬದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ನಾಣ್ಯವನ್ನು ತಿರುಗಿಸಿ ನೋಡಿ

"ಕೈಸರನದನ್ನು ಕೈಸರನಿಗೆ ಕೊಡಿರಿ, ದೇವರದನ್ನು ದೇವರಿಗೆ ಕೊಡಿರಿ" ಎಂಬ ಮಾತಿನಿಂದ ಅಭ್ಯಾಸ ಶುರುಮಾಡಿ. ಮಾರ್ಕ 12:13ರಿಂದ 17ರವರೆಗೆ ಐದೇ ವಚನ. ಕೈಯಲ್ಲಿ ನಾಣ್ಯವಿದ್ದಂತೆ ಓದಬೇಕು. ಯೇಸುವಿನ ಕಾಲದ ಚಕ್ರವರ್ತಿ ತಿಬೇರಿಯಸ್ ಟಂಕಿಸಿದ ಸಾಮಾನ್ಯ ದೆನಾರಿಯಸ್ ಸುಮಾರು 3.8 ಗ್ರಾಂ ತೂಕದ ಬೆಳ್ಳಿಯ ಬಿಲ್ಲೆ. ಒಂದು ಮುಖದಲ್ಲಿ ಎಲೆಯ ಕಿರೀಟ ತೊಟ್ಟ ತಲೆ, ಸುತ್ತ "ದೈವ ಅಗಸ್ಟಸ್‌ನ ಮಗ ತಿಬೇರಿಯಸ್ ಕೈಸರ್ ಅಗಸ್ಟಸ್" ಎಂಬರ್ಥದ ಲ್ಯಾಟಿನ್ ಸಂಕ್ಷೇಪಾಕ್ಷರಗಳು. ಹಿಂಬದಿಯಲ್ಲಿ ಕುಳಿತ ಒಬ್ಬ ಹೆಂಗಸು, "ಮಹಾಪುರೋಹಿತ" ಎಂಬ ಬಿರುದು. ದೇವಪುತ್ರ, ಮಹಾಪುರೋಹಿತ ಎರಡೂ ಒಂದೇ ಬಿಲ್ಲೆಯಲ್ಲಿ! ಪ್ರಶ್ನೆ ಕೇಳಲು ಬಂದವರು ಅದನ್ನು ತಂದು ತೋರಿಸಬೇಕಾಯಿತು ಎಂಬುದನ್ನೂ ಗಮನಿಸಿ.

ಹಾಳೆಯಲ್ಲಿ ಹೀಗೆ ಬರೆಯಿರಿ: ಕೇಳಿದ್ದು ತಲೆಗಂದಾಯ, ಕೊಟ್ಟದ್ದು ನಾಣ್ಯ, ಉಳಿಸಿಕೊಂಡದ್ದು "ದೇವರದು". ಆ ಕೊನೆಯ ಪದಕ್ಕೆ ಯೇಸು ಪಟ್ಟಿ ಕೊಡಲಿಲ್ಲ. ಮುಂದಿನ ಮೂರು ಶತಮಾನಗಳ ಜಗಳವೆಲ್ಲ ಆ ಪಟ್ಟಿಯಲ್ಲಿ ಏನೇನಿದೆ ಎಂಬುದರ ಸುತ್ತಲೇ ನಡೆಯುತ್ತದೆ. ಆದ್ದರಿಂದ ಈ ವಚನವನ್ನು ಯಾರು ಯಾವಾಗ ಎತ್ತಿಕೊಂಡರೂ ಅದಕ್ಕೊಂದು ಪ್ರತ್ಯೇಕ ಪುಟ ಇಡಿ. ಕೊನೆಯಲ್ಲಿ ಆ ಪುಟವೇ ಬಹಳ ಹೇಳುತ್ತದೆ.

ಎರಡು ಹದಿಮೂರನೇ ಅಧ್ಯಾಯಗಳು

ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ 13ನೇ ಅಧ್ಯಾಯ ಅಧಿಕಾರಿಗಳನ್ನು ದೇವರ ಸೇವಕರೆನ್ನುತ್ತದೆ. ಪ್ರಕಟನೆಯ 13ನೇ ಅಧ್ಯಾಯ ಅಧಿಕಾರವನ್ನು ಸಮುದ್ರದಿಂದೆದ್ದ ಮೃಗವೆನ್ನುತ್ತದೆ. ಇವೆರಡನ್ನೂ ಒಂದೇ ದಿನ, ಅಕ್ಕಪಕ್ಕದಲ್ಲಿಟ್ಟು ಓದಿ. ಒಂದನ್ನು ಮಾತ್ರ ಓದಿದವರು ಅರ್ಧ ಸತ್ಯ ಹಿಡಿದುಕೊಂಡು ವಾದಕ್ಕಿಳಿಯುತ್ತಾರೆ.

ಪೌಲನು ಬರೆದದ್ದು 57ರ ಸುಮಾರಿಗೆ. ನೀರೋ ಪಟ್ಟಕ್ಕೆ ಬಂದು ಮೂರು ವರ್ಷ, ಬೆಂಕಿ ಬೀಳಲು ಇನ್ನೂ ಏಳು ವರ್ಷವಿತ್ತು. ಅವನ ಮಾತು ಬಂದು ನಿಲ್ಲುವುದು ಆರು ಮತ್ತು ಏಳನೇ ವಚನದ ತೆರಿಗೆ, ಸುಂಕದ ಮೇಲೆ. ಅದಕ್ಕೆ ಮುಂಚೆಯೇ, 12ನೇ ಅಧ್ಯಾಯದ ಕೊನೆಯಲ್ಲಿ, ಮುಯ್ಯಿಗೆ ಮುಯ್ಯಿ ತೀರಿಸಬೇಡಿ ಎಂದಿದ್ದಾನೆ. ಯೋಹಾನನ ಪ್ರಕಟನೆಯನ್ನು ಸಾಮಾನ್ಯವಾಗಿ 95ರ ಆಸುಪಾಸಿಗೆ, ಡೊಮಿಷಿಯನ್ ಕಾಲಕ್ಕೆ ಹಾಕುತ್ತಾರೆ. ಅದು ಹೋದದ್ದು ಏಷ್ಯಾ ಪ್ರಾಂತ್ಯದ ಏಳು ಊರುಗಳಿಗೆ. ಅವುಗಳಲ್ಲಿ ಪೆರ್ಗಮದಲ್ಲಿ ರೋಮ್ ದೇವಿಗೂ ಅಗಸ್ಟಸ್‌ಗೂ ಕ್ರಿ.ಪೂ. 29ರಲ್ಲೇ ಗುಡಿ ಮಂಜೂರಾಗಿತ್ತು. ಆ ಊರನ್ನೇ ಯೋಹಾನನು ಸೈತಾನನ ಸಿಂಹಾಸನವಿರುವ ಸ್ಥಳ ಎನ್ನುತ್ತಾನೆ. ಮೃಗ ಕೇಳುವುದು ಸುಂಕವನ್ನಲ್ಲ, ತನ್ನ ಪ್ರತಿಮೆಗೆ ಅಡ್ಡಬೀಳುವುದನ್ನು. ಕೇಳಿದ್ದೇ ಬೇರೆಯಾದಾಗ ಉತ್ತರವೂ ಬೇರೆಯಾಯಿತು.

666 ಎಂಬ ಸಂಖ್ಯೆಯನ್ನು ಊಹೆಯಿಂದ ಬಿಡಿಸಲು ಹೋಗಬೇಡಿ, ಕೂಡಿ ನೋಡಿ. ಹೀಬ್ರೂ ಅಕ್ಷರಗಳಿಗೆ ಅಂಕಿಬೆಲೆ ಇದೆ. "ನೆರೋನ್ ಕೆಸರ್" ಎಂದು ಬರೆದರೆ ನೂನ್ 50, ರೇಶ್ 200, ವಾವ್ 6, ನೂನ್ 50, ಕೋಫ್ 100, ಸಾಮೆಖ್ 60, ರೇಶ್ 200. ಮೊತ್ತ 666. ಲ್ಯಾಟಿನ್ ರೂಢಿಯಂತೆ ಕೊನೆಯ ನೂನ್ ಬಿಟ್ಟು "ನೆರೋ" ಎಂದರೆ 50 ಕಡಿಮೆಯಾಗಿ 616. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಪಪೈರಸ್ ಪ್ರತಿಯಲ್ಲಿ ಇರುವುದೂ 616. ಎರಡು ಪಾಠಗಳಿಗೂ ಒಂದೇ ಹೆಸರು ಹೊಂದುತ್ತದೆ ಎಂಬುದೇ ಈ ವಿವರಣೆಯ ಬಲ. ಈಗಿನ ಯಾವ ವ್ಯಕ್ತಿಯ ಹೆಸರಿಗೂ ಈ ಲೆಕ್ಕ ಹೊಂದಿಸಲು ಹೊರಟರೆ ಓದು ಅಲ್ಲಿಗೇ ಹಳಿ ತಪ್ಪಿತು.

ಪ್ಲಿನಿಯ ಪತ್ರ: ನಿಧಾನವಾಗಿ ಓದಬೇಕಾದ ಒಂದೇ ಕಾಗದವೆಂದರೆ ಇದು

ಬಿಥಿನಿಯಾ-ಪೊಂಟಸ್ ಪ್ರಾಂತ್ಯದ (ಈಗಿನ ಟರ್ಕಿಯ ಉತ್ತರ ಭಾಗ) ಅಧಿಕಾರಿಯಾಗಿದ್ದ ಕಿರಿಯ ಪ್ಲಿನಿ 112ರ ಸುಮಾರಿಗೆ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರ ಮತ್ತು ಅದಕ್ಕೆ ಬಂದ ಚಿಕ್ಕ ಉತ್ತರ, ಪತ್ರಸಂಗ್ರಹದ ಹತ್ತನೇ ಭಾಗದಲ್ಲಿ 96 ಮತ್ತು 97ನೆಯವು. ಕನಿಷ್ಠ ಮೂರು ಸಲ ಓದಿ.

ಮೊದಲ ಸಲ ವಿಧಾನವನ್ನಷ್ಟೇ ಗುರುತುಮಾಡಿ. ಆರೋಪಕ್ಕೆ ಗುರಿಯಾದವರನ್ನು ಅವನು "ನೀನು ಕ್ರೈಸ್ತನೋ" ಎಂದು ಮೂರು ಬಾರಿ ಕೇಳುತ್ತಾನೆ, ಶಿಕ್ಷೆಯ ಬೆದರಿಕೆ ಹಾಕುತ್ತಾನೆ. ಹಟ ಬಿಡದವರನ್ನು ಕೊಲ್ಲಲು ಕಳಿಸುತ್ತಾನೆ. ಅವರಲ್ಲಿ ರೋಮನ್ ಪೌರರಿದ್ದರೆ ರೋಮಿಗೆ ಕಳಿಸಲು ಪಟ್ಟಿ ಮಾಡುತ್ತಾನೆ. ಅಲ್ಲವೆಂದವರಿಗೆ ಪರೀಕ್ಷೆ: ದೇವತೆಗಳ ಪ್ರಾರ್ಥನೆಯನ್ನು ಅವನು ಹೇಳಿಕೊಟ್ಟಂತೆ ಹೇಳಬೇಕು, ದೇವಮೂರ್ತಿಗಳ ಜೊತೆ ತಂದಿಟ್ಟ ಟ್ರಾಜನ್‌ನ ಪ್ರತಿಮೆಗೆ ಧೂಪವನ್ನೂ ದ್ರಾಕ್ಷಾರಸವನ್ನೂ ಅರ್ಪಿಸಬೇಕು, ಕ್ರಿಸ್ತನನ್ನು ಶಪಿಸಬೇಕು. ನಿಜವಾದ ಕ್ರೈಸ್ತರಿಂದ ಇವುಗಳಲ್ಲಿ ಒಂದನ್ನೂ ಮಾಡಿಸಲಾಗದು ಎಂದು ತಾನು ಕೇಳಿರುವುದಾಗಿ ಅವನೇ ಬರೆಯುತ್ತಾನೆ. "ಕೇಳಿದ್ದು" ಎಂಬ ಸಾಲು ಇಷ್ಟು ಸ್ಪಷ್ಟವಾಗಿ ತುಂಬುವ ದಾಖಲೆ ಮತ್ತೊಂದು ಸಿಗುವುದು ಕಷ್ಟ.

ಎರಡನೇ ಸಲ ಅಪರಾಧ ಯಾವುದೆಂದು ಹುಡುಕಿ. ಸಿಗುವುದಿಲ್ಲ. ಹಿಂದೆ ಕ್ರೈಸ್ತರಾಗಿದ್ದು ಬಿಟ್ಟವರು ಅವನಿಗೆ ಹೇಳಿದ್ದು ಇಷ್ಟೇ: ಗೊತ್ತಾದ ದಿನ ಬೆಳಗಾಗುವ ಮುನ್ನ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆ, ಕಳ್ಳತನ, ವ್ಯಭಿಚಾರ, ವಚನಭಂಗ ಮಾಡುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತಾರೆ, ಆಮೇಲೆ ಕೂಡಿ ಸಾಧಾರಣ ಊಟ ಮಾಡುತ್ತಾರೆ. ನಿಜ ತಿಳಿಯಲೆಂದು ಅವನು ಇಬ್ಬರು ದಾಸಿಯರನ್ನೂ ಹಿಂಸಿಸಿ ಕೇಳಿದ; ಅತಿರೇಕದ ಮೂಢನಂಬಿಕೆಯಲ್ಲದೆ ಬೇರೇನೂ ಸಿಗಲಿಲ್ಲ ಎನ್ನುತ್ತಾನೆ. ಆ ದಾಸಿಯರನ್ನು ಕ್ರೈಸ್ತರು ತಮ್ಮ ಸಭೆಯ ಸೇವಕಿಯರೆಂದು ಕರೆಯುತ್ತಿದ್ದರು. ಹೆಸರಿಲ್ಲದ ಆ ಇಬ್ಬರು ಹೆಂಗಸರ ಮಾತನ್ನು ಪತ್ರ ನಮಗೆ ಉಳಿಸಿಕೊಟ್ಟಿಲ್ಲ. ಅವರ ಮೇಲೆ ನಡೆದ ಹಿಂಸೆಯನ್ನು ಮರೆತು ಈ ಪತ್ರವನ್ನು ಬಳಸಬಾರದು.

ಮೂರನೇ ಸಲ ಅದೇ ಸಂಗ್ರಹದ 33 ಮತ್ತು 34ನೇ ಪತ್ರಗಳ ಜೊತೆ ಓದಿ. ನಿಕೊಮೀಡಿಯಾದಲ್ಲಿ ಬೆಂಕಿ ಅನಾಹುತವಾದ ಮೇಲೆ 150 ಜನರ ಅಗ್ನಿಶಾಮಕ ಸಂಘ ಕಟ್ಟಲೇ ಎಂದು ಪ್ಲಿನಿ ಕೇಳುತ್ತಾನೆ. ಬೇಡ, ಯಾವ ಹೆಸರಿನಲ್ಲಿ ಜನ ಒಟ್ಟುಗೂಡಿದರೂ ಅದು ಬೇಗ ರಾಜಕೀಯ ಕೂಟವಾಗುತ್ತದೆ ಎನ್ನುತ್ತಾನೆ ಟ್ರಾಜನ್. ಬೆಂಕಿ ಆರಿಸುವವರ ಸಂಘಕ್ಕೇ ಹೆದರುವ ಸರ್ಕಾರ, ಬೆಳಗಿನ ಜಾವ ಸೇರುವವರನ್ನು ಹೇಗೆ ನೋಡೀತು? ಕ್ರೈಸ್ತ ಸಿದ್ಧಾಂತದ ಬಗ್ಗೆ ಇಬ್ಬರಲ್ಲಿ ಯಾರಿಗೂ ಕುತೂಹಲವಿಲ್ಲ.

ಟ್ರಾಜನ್‌ನ ಉತ್ತರದಿಂದ ಮೂರು ಅಂಶ ತೆಗೆದಿಡಿ. ಅವರನ್ನು ಹುಡುಕಿಕೊಂಡು ಹೋಗಬಾರದು. ಹೆಸರಿಲ್ಲದ ದೂರುಗಳನ್ನು ಸ್ವೀಕರಿಸಬಾರದು. ದೇವತೆಗಳನ್ನು ಪೂಜಿಸಿ ತೋರಿಸಿದವರಿಗೆ ಹಿಂದಿನದೇನಿದ್ದರೂ ಕ್ಷಮೆ. ಸಾಮ್ರಾಜ್ಯದುದ್ದಕ್ಕೂ ಎಡೆಬಿಡದೆ ಬೇಟೆ ನಡೆಯಿತೆಂಬ ಕಲ್ಪನೆ ಈ ಮೂರು ಸಾಲಿನ ಮುಂದೆ ನಿಲ್ಲುವುದಿಲ್ಲ. 250ರವರೆಗೆ ಹಿಂಸೆ ಬಹುಪಾಲು ಊರಿನ ದೂರಿನಿಂದ ಹುಟ್ಟಿ ಸ್ಥಳೀಯ ಅಧಿಕಾರಿಯ ಮರ್ಜಿಯಂತೆ ನಡೆಯಿತು. ವಿರಳವಾಗಿತ್ತು ಎಂದಮಾತ್ರಕ್ಕೆ ಹಗುರವಾಗಿತ್ತು ಎಂದಲ್ಲ. ಪಕ್ಕದ ಮನೆಯವನ ಒಂದು ದೂರು ಸಾಕಿತ್ತು.

ಒಬ್ಬ ಒಡೆಯನೋ ಇಬ್ಬರೋ

ನ್ಯಾಯಾಲಯದ ನಡವಳಿಯಂತಿರುವ ಒಂದು ಬರಹವನ್ನಾದರೂ ಪೂರ್ತಿ ಓದಿ. 180ರ ಜುಲೈ 17ರಂದು ಕಾರ್ಥೇಜಿನಲ್ಲಿ ನಡೆದ ಸ್ಕಿಲ್ಲಿಯ ಕ್ರೈಸ್ತರ ವಿಚಾರಣೆ ಒಂದೇ ಕೂತಕ್ಕೆ ಮುಗಿಯುವಷ್ಟು ಚಿಕ್ಕದು. ಪ್ರೊಕಾನ್ಸಲ್ (ಪ್ರಾಂತ್ಯಾಧಿಕಾರಿ) ಸಾಟರ್ನಿನಸ್ ಒರಟನಲ್ಲ. ನಮಗೂ ಧರ್ಮವಿದೆ, ಅದು ಸರಳವಾದದ್ದು, ನಮ್ಮ ಒಡೆಯ ಚಕ್ರವರ್ತಿಯ ಗೀನಿಯಸ್ ಮೇಲೆ ಆಣೆ ಇಡುತ್ತೇವೆ, ಅವನ ಕ್ಷೇಮಕ್ಕೆ ಬೇಡಿಕೊಳ್ಳುತ್ತೇವೆ ಎನ್ನುತ್ತಾನೆ. (ಗೀನಿಯಸ್ ಎಂದರೆ ಒಬ್ಬ ವ್ಯಕ್ತಿಯ ಜೊತೆಗಿರುವ ಕಾವಲು ದೈವಶಕ್ತಿ.) ಆರೋಪಿಗಳಲ್ಲೊಬ್ಬನಾದ ಸ್ಪೆರಾಟಸ್ ಉತ್ತರಿಸುತ್ತಾನೆ: ಈ ಲೋಕದ ಸಾಮ್ರಾಜ್ಯವನ್ನು ನಾನು ಅರಿಯೆ, ಕದ್ದಿಲ್ಲ, ಏನನ್ನೇ ಕೊಂಡರೂ ಸುಂಕ ಕಟ್ಟುತ್ತೇನೆ, ಏಕೆಂದರೆ ನನ್ನ ಒಡೆಯನನ್ನು, ರಾಜಾಧಿರಾಜನನ್ನು ಅರಿತಿದ್ದೇನೆ. ದೊನಾಟಾ ಎಂಬಾಕೆ ಇನ್ನೂ ಬಿಗಿಯಾಗಿ ಹೇಳುತ್ತಾಳೆ: ಕೈಸರನಿಗೆ ಕೈಸರನೆಂಬ ಗೌರವ, ಭಯ ದೇವರಿಗೆ. ಯೋಚಿಸಲು 30 ದಿನ ಕೊಡುತ್ತೇನೆಂದರೂ ಅವರು ಒಪ್ಪುವುದಿಲ್ಲ. ಹನ್ನೆರಡು ಜನ ಸಾಯುತ್ತಾರೆ.

"ಒಡೆಯ" ಎಂಬ ಪದ ಇಬ್ಬರ ಬಾಯಲ್ಲೂ ಬಂದು ಡಿಕ್ಕಿ ಹೊಡೆಯುವ ಜಾಗಕ್ಕೆ ಗೆರೆ ಎಳೆಯಿರಿ. ಮೇಲೆ ಹೇಳಿದ ಪ್ರಶ್ನಾರ್ಥಕ ಚಿಹ್ನೆ ಇಲ್ಲಿ ಬೇಕಾಗಿಲ್ಲ. ಸುಂಕ "ಕೊಟ್ಟದ್ದು" ಸಾಲಿಗೆ, ಆಣೆ "ಉಳಿಸಿಕೊಂಡದ್ದು" ಸಾಲಿಗೆ. ಇದಾಗಿ ಹದಿನೇಳು ವರ್ಷದ ಮೇಲೆ ಅದೇ ಕಾರ್ಥೇಜಿನಲ್ಲಿ ಬರೆದ ಕ್ರೈಸ್ತ ಲೇಖಕ ಟರ್ಟುಲಿಯನ್ ಗೆರೆಯನ್ನು ಇನ್ನೂ ಸೂಕ್ಷ್ಮವಾಗಿ ಎಳೆಯುತ್ತಾನೆ: ಚಕ್ರವರ್ತಿಯ ಗೀನಿಯಸ್ ಮೇಲೆ ಆಣೆ ಇಡೆವು, ಅವನ ಕ್ಷೇಮದ ಮೇಲೆ ಇಡುತ್ತೇವೆ. ಚಕ್ರವರ್ತಿಗೆ ದೀರ್ಘಾಯುಸ್ಸು, ಸುಭದ್ರ ಆಳ್ವಿಕೆ, ಧೀರ ಸೈನ್ಯ ಎಲ್ಲವನ್ನೂ ಬೇಡುತ್ತೇವೆ, ಆದರೆ ಅವನನ್ನಲ್ಲ, ಅವನಿಗಾಗಿ. ಬರೀ ಒಂದು ವಿಭಕ್ತಿಯ ವ್ಯತ್ಯಾಸ!

ಡೀಸಿಯಸ್‌ನ ಪ್ರಮಾಣಪತ್ರಗಳು

249ರ ಕೊನೆಗೋ 250ರ ಮೊದಲಿಗೋ ಚಕ್ರವರ್ತಿ ಡೀಸಿಯಸ್ ಸಾಮ್ರಾಜ್ಯದ ಎಲ್ಲರೂ ದೇವತೆಗಳಿಗೆ ಬಲಿ ಕೊಡಬೇಕೆಂದು ಆಜ್ಞೆ ಹೊರಡಿಸಿದ. ಆಜ್ಞೆಯ ಪಾಠ ಉಳಿದಿಲ್ಲ. ಈಜಿಪ್ಟಿನ ಒಣ ಮರಳಿನಲ್ಲಿ ಅದರ ರಸೀದಿಗಳು ಉಳಿದಿವೆ, ನಲವತ್ತಕ್ಕೂ ಹೆಚ್ಚು. ಬಹುತೇಕ 250ರ ಜೂನ್, ಜುಲೈ ತಿಂಗಳವು. ಓದುವಾಗ ಐದು ಭಾಗ ಬಿಡಿಸಿಕೊಳ್ಳಿ: ಬಲಿಯ ಮೇಲ್ವಿಚಾರಕರಿಗೆ ಸಂಬೋಧನೆ; ಅರ್ಜಿದಾರನ ಹೆಸರು, ತಂದೆ, ಹಳ್ಳಿ; ನಾನು ಸದಾ ದೇವತೆಗಳಿಗೆ ಬಲಿ ಕೊಡುತ್ತ ಬಂದವನು, ಈಗಲೂ ನಿಮ್ಮೆದುರಿಗೆ ಆಜ್ಞೆಯಂತೆ ಎರೆದು, ಬಲಿ ಕೊಟ್ಟು, ಪ್ರಸಾದ ತಿಂದಿದ್ದೇನೆ ಎಂಬ ಹೇಳಿಕೆ; ಅಧಿಕಾರಿಗಳ ಸಹಿ; ತಾರೀಕು. ಪ್ರಕಟಣೆ ಕಂಡ ಮೊದಲ ಪ್ರಮಾಣಪತ್ರ ಅಲೆಕ್ಸಾಂಡರ್ ದ್ವೀಪ ಎಂಬ ಹಳ್ಳಿಯ ಆರೆಲಿಯಸ್ ಡಯೊಜಿನೀಸ್‌ನದು. ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು. ಭಾವಚಿತ್ರವಿಲ್ಲದ ಕಾಲದ ಗುರುತಿನ ಚೀಟಿ. ಹೆಚ್ಚಿನವರ ಹೆಸರು ಆರೆಲಿಯಸ್ ಎಂದೇ ಏಕಿದೆ ಎಂದು ಕೇಳಿಕೊಂಡರೆ 212ಕ್ಕೆ ಹೋಗಬೇಕು. ಆ ವರ್ಷ ಕ್ಯಾರಕಲ್ಲಾ ಸ್ವತಂತ್ರ ಪ್ರಜೆಗಳಿಗೆಲ್ಲ ಪೌರತ್ವ ಕೊಟ್ಟಾಗ ಅವರು ಅವನ ಮನೆತನದ ಹೆಸರು ಹೊತ್ತರು.

ಎಡವುವುದು ಇಲ್ಲಿ: ಪ್ರಮಾಣಪತ್ರ ಹೊಂದಿದ್ದವನು ನಂಬಿಕೆ ಬಿಟ್ಟ ಕ್ರೈಸ್ತ ಎಂದು ಭಾವಿಸುವುದು. ಉಳಿದವುಗಳಲ್ಲಿ ಒಂದು ಪೆಟೆಸೂಖೋಸ್ ಎಂಬ ಮೊಸಳೆ ದೇವರ ಪೂಜಾರಿಣಿಯದು. ಆಜ್ಞೆ ಎಲ್ಲರಿಗೂ ಅನ್ವಯಿಸುತ್ತಿತ್ತು. ಪತ್ರಗಳಲ್ಲಿ ಕ್ರಿಸ್ತನ ಹೆಸರೇ ಇಲ್ಲ, ಶಪಿಸು ಎಂಬ ಬೇಡಿಕೆಯೂ ಇಲ್ಲ. ಪ್ಲಿನಿಯ ಕಾಲದ ಪರೀಕ್ಷೆಯೊಂದಿಗೆ ಹೋಲಿಸಿದರೆ ಕೇಳಿದ್ದು ಒಂದು ಅಂಶ ಕಡಿಮೆಯಾಗಿದೆ, ಕೇಳಿಸಿಕೊಂಡವರು ಲಕ್ಷಾಂತರ ಪಟ್ಟು ಹೆಚ್ಚಿದ್ದಾರೆ. ಸಭೆಯೊಳಗೆ ಇದರಿಂದಾದ ಗಾಯ ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ನ ಬರಹಗಳಲ್ಲಿ ಕಾಣುತ್ತದೆ. ಬಲಿ ಕೊಟ್ಟವರು, ಧೂಪ ಮಾತ್ರ ಹಾಕಿದವರು, ಏನೂ ಮಾಡದೆ ಲಂಚ ಕೊಟ್ಟು ಚೀಟಿ ಪಡೆದವರು ಎಂದು ಬೇರೆ ಬೇರೆ ಹೆಸರಿಟ್ಟು, ಯಾರನ್ನು ಎಷ್ಟು ಪ್ರಾಯಶ್ಚಿತ್ತದ ಮೇಲೆ ಮರಳಿ ಸೇರಿಸಿಕೊಳ್ಳುವುದೆಂದು ವರ್ಷಗಟ್ಟಲೆ ಕಾದಾಡಿದರು.

ಅರ್ಧ ಶತಮಾನದ ಮೇಲೆ ಡಯೊಕ್ಲೀಷಿಯನ್ ಕಾಲದಲ್ಲಿ ಕೇಳಿದ್ದು ಮತ್ತೆ ಬದಲಾಯಿತು. 303ರ ಫೆಬ್ರವರಿ 23ರಂದು ನಿಕೊಮೀಡಿಯಾದ ಚರ್ಚನ್ನು ಕೆಡವಿದರು. ಮೊದಲ ಆಜ್ಞೆ ಕಟ್ಟಡ ಮತ್ತು ಪುಸ್ತಕಗಳ ಮೇಲೆ. ಉತ್ತರ ಆಫ್ರಿಕದ ಸಿರ್ಟಾ ಊರಿನಲ್ಲಿ ಅದೇ ವರ್ಷ ಮೇ 19ರಂದು ನಡೆದ ಜಪ್ತಿಯ ಪಟ್ಟಿ ಉಳಿದಿದೆ: ಚಿನ್ನದ ಬಟ್ಟಲು 2, ಬೆಳ್ಳಿಯ ಬಟ್ಟಲು 6, ಹೆಂಗಸರ ಅಂಗಿ 82, ಗಂಡಸರ ಅಂಗಿ 16, ಹೆಂಗಸರ ಪಾದರಕ್ಷೆ 47 ಜೊತೆ, ಗಂಡಸರದು 13 ಜೊತೆ. ಬಡವರಿಗೆ ಹಂಚಲು ಇಟ್ಟದ್ದೆಂದು ತೋರುತ್ತದೆ. ವಿಧವೆಯರ ಪಾಲನೆಯ ಲೆಕ್ಕ ಅಧಿಕಾರಿಯ ಕೈಬರಹದಲ್ಲಿ ಸಿಕ್ಕಿದಂತೆ. ಪುಸ್ತಕಗಳೆಲ್ಲಿ ಎಂದಾಗ ಬಂದದ್ದು ಒಂದೇ ಒಂದು ದಪ್ಪ ಗ್ರಂಥ. ಉಳಿದವು ವಾಚಕರ ಮನೆಗಳಲ್ಲಿದ್ದವು. ಹೀಗೆ ಪುಸ್ತಕ "ಒಪ್ಪಿಸಿದವರು" ಎಂಬ ಬೈಗುಳವೇ ಮುಂದೆ ಆಫ್ರಿಕದ ಸಭೆಯನ್ನು ಎರಡು ಹೋಳು ಮಾಡಿತು.

311 ಮತ್ತು 313

ಇವೆರಡನ್ನು ಜೋಡಿಯಾಗಿ ಓದಿ. 311ರ ಏಪ್ರಿಲ್ 30ರಂದು ಪ್ರಕಟವಾದ ಗಲೇರಿಯಸ್‌ನ ಆಜ್ಞೆ ಹಿಂಸೆಯನ್ನು ನಿಲ್ಲಿಸಿತು. ಕ್ರೈಸ್ತರು ಮತ್ತೆ ಇರಬಹುದು. ಬದಲಿಗೆ ನಮ್ಮ, ರಾಜ್ಯದ, ತಮ್ಮ ಕ್ಷೇಮಕ್ಕಾಗಿ ತಮ್ಮ ದೇವರನ್ನು ಬೇಡಿಕೊಳ್ಳಲಿ ಎನ್ನುತ್ತದೆ. ಟರ್ಟುಲಿಯನ್ ಒಂದು ಶತಮಾನದ ಹಿಂದೆಯೇ ಕೊಡುತ್ತೇವೆಂದದ್ದನ್ನು ಚಕ್ರವರ್ತಿ ಕೊನೆಗೂ ಕೇಳಿದ. "ಮಿಲಾನಿನ ಆಜ್ಞೆ" ಎಂದು ಹೆಸರಾದದ್ದು ನಮಗೆ ಸಿಕ್ಕಿರುವುದು ಲಿಸಿನಿಯಸ್ ಪ್ರಾಂತ್ಯಾಧಿಕಾರಿಗೆ ಬರೆದ, 313ರ ಜೂನ್ 13ರಂದು ನಿಕೊಮೀಡಿಯಾದಲ್ಲಿ ಹಚ್ಚಿದ ಪತ್ರವಾಗಿ. ಅದು ಕ್ರೈಸ್ತರಿಗೂ ಉಳಿದೆಲ್ಲರಿಗೂ ಇಷ್ಟಬಂದ ಆರಾಧನೆಯ ಸ್ವಾತಂತ್ರ್ಯ ಕೊಡುತ್ತದೆ, ಜಪ್ತಿಯಾದ ಆಸ್ತಿಯನ್ನು ಹಣ ಕೇಳದೆ ಹಿಂತಿರುಗಿಸಲು ಹೇಳುತ್ತದೆ. ಕ್ರೈಸ್ತ ಧರ್ಮವನ್ನು ರಾಜಧರ್ಮ ಮಾಡುವ ಒಂದು ಪದವೂ ಅದರಲ್ಲಿಲ್ಲ. ಆ ದಿಕ್ಕಿನ ಕಾನೂನು ಬೇಕಿದ್ದರೆ 380ರ ಫೆಬ್ರವರಿ 27ಕ್ಕೆ, ಥಿಯೊಡೋಸಿಯಸ್ ಕಾಲಕ್ಕೆ ಹೋಗಿ. ನಡುವೆ 67 ವರ್ಷಗಳಿವೆ, ಜೂಲಿಯನ್‌ನಂಥ ಹಳೆಯ ದೇವತೆಗಳ ಭಕ್ತನ ಆಳ್ವಿಕೆಯೂ ಇದೆ.

ಸಾಲುಗಳನ್ನು ತಿರುಗಿಸಿ

313ರ ಆಚೆಗೆ ಅದೇ ಹಾಳೆ ಹಾಗೆಯೇ ಕೆಲಸ ಮಾಡುವುದಿಲ್ಲ. ಇಲ್ಲಿಂದ "ಕೇಳಿದ್ದು" ಎಂಬಲ್ಲಿ "ಯಾರು ಯಾರನ್ನು" ಎಂದು ಸೇರಿಸಬೇಕು, ಯಾಕೆಂದರೆ ಕ್ರೈಸ್ತರೇ ಕೇಳತೊಡಗುತ್ತಾರೆ. ಇದರ ಬೀಜ ಹಿಂದೆಯೇ ಇದೆ: 272ರ ಸುಮಾರಿಗೆ ಅಂತಿಯೋಕ್ಯದಲ್ಲಿ ಪದಚ್ಯುತ ಬಿಷಪ್ ಸಮೋಸಾಟದ ಪೌಲ ಸಭೆಯ ಕಟ್ಟಡ ಬಿಡದಿದ್ದಾಗ ವಿರೋಧಿಗಳು ಚಕ್ರವರ್ತಿ ಆರೆಲಿಯನ್‌ನ ಮೊರೆಹೋದರು. ಇಟಲಿ ಮತ್ತು ರೋಮಿನ ಬಿಷಪರು ಯಾರಿಗೆ ಪತ್ರ ಬರೆಯುತ್ತಾರೋ ಅವರಿಗೆ ಕಟ್ಟಡ ಎಂದು ಅವನು ತೀರ್ಪಿತ್ತ. ಆಫ್ರಿಕದ ಒಡಕಿನಲ್ಲಿ ಮುಂದೆ ಡೊನಾಟಿಸ್ಟರು ಎನಿಸಿಕೊಂಡ ಪಕ್ಷವೇ 313ರಲ್ಲಿ ಮೊದಲು ಕಾನ್‌ಸ್ಟಂಟೈನ್‌ಗೆ ದೂರು ಕೊಟ್ಟಿತು, ತೀರ್ಪು ತಮಗೆ ವಿರುದ್ಧವಾಗಿ, ಸೈನಿಕರು ಬಾಗಿಲಿಗೆ ಬಂದ ಕಾಲದಲ್ಲಿ ಅದೇ ಪಕ್ಷದ ನಾಯಕ ಡೊನಾಟಸ್ "ಚಕ್ರವರ್ತಿಗೂ ಸಭೆಗೂ ಏನು ಸಂಬಂಧ?" ಎಂದ. ಎರಡನ್ನೂ ಬರೆದಿಡಿ, ಒಂದನ್ನು ಮರೆಮಾಚಿ ಇನ್ನೊಂದನ್ನು ಎತ್ತಿ ಹಿಡಿದರೆ ಅನ್ಯಾಯ.

ಬಿಷಪರೆಲ್ಲ ಸೇರಿದ 325ರ ನೈಸಿಯಾ ಸಭೆಯ ಬಗ್ಗೆ ಮೂರು ತಿದ್ದುಪಡಿ ಸಾಕು. ಬೈಬಲಿನಲ್ಲಿ ಯಾವ ಪುಸ್ತಕಗಳಿರಬೇಕೆಂದು ಅಲ್ಲಿ ತೀರ್ಮಾನಿಸಲಿಲ್ಲ; ಅದರ 20 ನಿಯಮಗಳಲ್ಲಿ ಆ ವಿಷಯವೇ ಇಲ್ಲ. ಯೇಸುವಿನ ದೇವತ್ವವನ್ನು ಅಲ್ಲಿ ಹೊಸದಾಗಿ ಹುಟ್ಟಿಸಲೂ ಇಲ್ಲ. ಪ್ಲಿನಿಯ ಪತ್ರಕ್ಕೇ ಮರಳಿ ನೋಡಿ. ಹಾಜರಿದ್ದ ಬಿಷಪರು 318 ಎಂಬುದು ಆಮೇಲೆ ಗಟ್ಟಿಯಾದ ಸಂಖ್ಯೆ, ಆದಿಕಾಂಡ 14:14ರ ಅಬ್ರಹಾಮನ 318 ಆಳುಗಳ ನೆನಪಿನದು. ಅಲ್ಲಿಯೇ ಇದ್ದ ಯುಸೀಬಿಯಸ್ 250ಕ್ಕೂ ಹೆಚ್ಚು ಎನ್ನುತ್ತಾನೆ. ನಿಜಕ್ಕೂ ಹೊಸದು ಯಾವುದೆಂದರೆ ಶಿಕ್ಷೆ. ವಿಶ್ವಾಸ ಪ್ರಮಾಣಕ್ಕೆ ಸಹಿ ಹಾಕದ ಏರಿಯಸ್ (ಯೇಸು ದೇವರಿಗೆ ಸಮನಲ್ಲ ಎಂದು ಬೋಧಿಸಿದ ಪಾದ್ರಿ) ಮತ್ತು ಇಬ್ಬರು ಬಿಷಪರು ಗಡೀಪಾರಾದರು. ಧೂಪದ ಜಾಗಕ್ಕೆ ಸಹಿ ಬಂತು.

ಈಗ ಆ ಪ್ರತ್ಯೇಕ ಪುಟವನ್ನು ತೆಗೆಯಿರಿ. 356ರ ಸುಮಾರಿಗೆ ಕಾನ್‌ಸ್ಟಂಟೈನನ ಮಗ ಕಾನ್‌ಸ್ಟಾಂಟಿಯಸ್ ನೈಸಿಯಾದ ಪಕ್ಷ ಹಿಡಿದ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್‌ನನ್ನು ಖಂಡಿಸಲು ಬಿಷಪರ ಮೇಲೆ ಒತ್ತಡ ಹೇರುತ್ತಿದ್ದಾಗ, ಕಾನ್‌ಸ್ಟಂಟೈನನಿಗೇ ಸಲಹೆಗಾರನಾಗಿದ್ದ ಕೊರ್ಡೋಬಾದ ಮುದಿ ಬಿಷಪ್ ಹೋಸಿಯಸ್ ಬರೆಯುತ್ತಾನೆ: ದೇವರು ನಿನ್ನ ಕೈಗೆ ರಾಜ್ಯ ಕೊಟ್ಟ, ನಮ್ಮ ಕೈಗೆ ಸಭೆಯನ್ನು. ಆಧಾರವಾಗಿ ಎತ್ತುವುದು ಕೈಸರನ ವಚನವನ್ನೇ. ನಾಣ್ಯ ಕೊಡುವುದಕ್ಕೆ ಹೇಳಿದ ಮಾತು ಈಗ ಕ್ರೈಸ್ತ ಕೈಸರನನ್ನು ಗುಡಿಯ ಹೊರಗಿಡುವ ಬೇಲಿಯಾಗಿದೆ. ಒಂದೇ ವರ್ಷದಲ್ಲಿ ಅದೇ ಹೋಸಿಯಸ್ ಸಿರ್ಮಿಯಂನಲ್ಲಿ ಒತ್ತಡಕ್ಕೆ ಮಣಿದು ಸಹಿ ಹಾಕಿದ. ನೂರರ ಆಸುಪಾಸಿನ ವಯಸ್ಸು. ಅವನನ್ನು ಹಳಿಯಲು ಅವಸರಪಡಬೇಡಿ. ಡೀಸಿಯಸ್ ಕಾಲದ ಚೀಟಿಗಳ ಪಕ್ಕದಲ್ಲಿ ಆ ಸಹಿಯನ್ನು ಇಟ್ಟು ನೋಡಿ.

ಕೊನೆಯ ಅಭ್ಯಾಸ 390. ಥೆಸಲೋನಿಕದಲ್ಲಿ ದಂಗೆಗೆ ಪ್ರತೀಕಾರವಾಗಿ ಥಿಯೊಡೋಸಿಯಸ್‌ನ ಸೈನ್ಯ ಜನರನ್ನು ಕೊಂದಿತು. ಮಿಲಾನಿನ ಬಿಷಪ್ ಆಂಬ್ರೋಸ್ ಚಕ್ರವರ್ತಿಯನ್ನು ಚರ್ಚಿನ ಬಾಗಿಲಲ್ಲಿ ಎದುರು ನಿಂತು ತಡೆದ ಚಿತ್ರವನ್ನು ಬಹಳ ಜನ ನೋಡಿರುತ್ತಾರೆ. ಮೊದಲ ಎರಡು ಸಾಲು ತುಂಬಿ: ಆ ದೃಶ್ಯವನ್ನು ಬರೆದವನು ಸಭಾ ಇತಿಹಾಸಕಾರ ಥಿಯೊಡೊರೆಟ್, ಅರ್ಧ ಶತಮಾನದ ಮೇಲೆ. ಆ ವರ್ಷದ್ದೇ ಆದ ದಾಖಲೆ ಆಂಬ್ರೋಸ್‌ನ ಪತ್ರ. ಅದರಲ್ಲಿ ಬಾಗಿಲಿಲ್ಲ, ಜನಸಂದಣಿಯಿಲ್ಲ. ಬಿಷಪ್ ಊರಿನಲ್ಲೇ ಇಲ್ಲ. ಚಕ್ರವರ್ತಿ ಪ್ರಾಯಶ್ಚಿತ್ತ ಮಾಡುವ ತನಕ ಅವನೆದುರಿಗೆ ತಾನು ಅರ್ಪಣೆ ಸಲ್ಲಿಸಲಾರೆ ಎನ್ನುತ್ತಾನೆ. ಕೇಳಿದ್ದು ಕಣ್ಣೀರು ಮತ್ತು ಪಶ್ಚಾತ್ತಾಪ; ಕೇಳಿದವನು ಬಿಷಪ್; ಕೊಡಬೇಕಾದವನು ಕೈಸರ್. ಬೇರೆ ಯಾರೂ ಓದಬಾರದೆಂದು ಆ ಪತ್ರವನ್ನು ಆಂಬ್ರೋಸ್ ತನ್ನ ಕೈಯಾರೆ ಬರೆದಿದ್ದ.